ಎಡಗಡೆ ವೃತ್ತದಲ್ಲಿ ನಿಂತವನು

(ನಮ್ಮ ಊರಿನ ಕನ್ನಡ ಕೂಟದ ಚಳಿಗಾಲದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಕೈಕಾಲು ಆಡಿಸಿ ತೋರಿಸಿದ್ದನ್ನು ಇಲ್ಲಿ ಬರೆದು ಹೇಳಬೇಕಾಯಿತು. ಹಾಗಾಗಿ ಕೆಲವು ಕಡೆ ಉದ್ದ ಆಗಿದೆ. ಕೊನೆಯ ಪ್ರಶ್ನೆಗಳು ಸಭೆಯಲ್ಲಿದ್ದವರು ಕೇಳಿದ್ದು.)

ಎಲ್ಲರಿಗೂ ನಮಸ್ಕಾರ.

ಈ ಸಲ ಹಾಕಿ ಬಗ್ಗೆ ಮಾತಾಡುತ್ತೇನೆ ಎಂದಾಗ ನಮ್ಮ ಕೂಟದ ಕೊಡಗಿನ ಹಿರಿಯರೊಬ್ಬರು ಬಹಳ ಖುಷಿಪಟ್ಟರು. "ಐಸ್ ಹಾಕಿ ಅಂಕಲ್" ಅಂದೆ. ಮುಖ ಸ್ವಲ್ಪ ಸಣ್ಣದಾಯಿತು. ಆದರೂ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರಿಗೋಸ್ಕರ ಕೊಡಗಿನಿಂದಲೇ ಶುರು ಮಾಡುತ್ತೇನೆ.

ಭಾರತ ತಂಡಕ್ಕೆ ಪೆನಾಲ್ಟಿ ಕಾರ್ನರ್ ಸಿಕ್ಕಿತು ಅಂದುಕೊಳ್ಳಿ. ಕೊಡಗಿನ ವಿ. ಆರ್. ರಘುನಾಥ್ ಹೋಗಿ ನಿಂತರು. ಚೆಂಡು ಬರುತ್ತದೆ, ಒಬ್ಬ ನಿಲ್ಲಿಸುತ್ತಾನೆ, ರಘುನಾಥ್ ಡ್ರ್ಯಾಗ್ ಫ್ಲಿಕ್ ಹೊಡೆಯುತ್ತಾರೆ. ಇದು ಎದುರಾಳಿಗೆ ಗೊತ್ತು, ಗೋಲ್‌ಕೀಪರ್‌ಗೆ ಗೊತ್ತು, ಟೀವಿ ಮುಂದೆ ಕೂತ ಅಜ್ಜಿಗೂ ಗೊತ್ತು. ಗೊತ್ತಿದ್ದೂ ಗೋಲಾಗುತ್ತದೆ. ಅಲ್ವಾ?

ಇದನ್ನೇ ಮಂಜುಗಡ್ಡೆಯ ಮೇಲೆ, ಅದೇ ಜಾಗದಲ್ಲಿ ನಿಂತು, ಅದೇ ಹೊಡೆತವನ್ನು 20 ವರ್ಷ ಹೊಡೆದವನ ಕಥೆ ಇವತ್ತಿನದು. ಹೆಸರು ಅಲೆಕ್ಸಾಂಡರ್ ಒವೆಚ್ಕಿನ್. ಊರು ಮಾಸ್ಕೋ. ಆಡುವುದು ನಮ್ಮ ವಾಷಿಂಗ್ಟನ್ ಕ್ಯಾಪಿಟಲ್ಸ್‌ಗೆ. ನಾನು ಏಕವಚನದಲ್ಲೇ ಮಾತಾಡುತ್ತೇನೆ, ತಪ್ಪು ತಿಳಿಯಬೇಡಿ. "ಸಚಿನ್ ಔಟಾದ" ಅನ್ನುತ್ತೇವೆಯೇ ಹೊರತು "ಔಟಾದರು" ಅನ್ನುವುದಿಲ್ಲವಲ್ಲ, ಹಾಗೆ.

ನಾನು ಈ ಆಟವನ್ನು ಮೊದಲು ನೋಡಿದ್ದು 2007ರ ಜನವರಿಯಲ್ಲಿ. ಆಫೀಸಿನ ಗೆಳೆಯನ ಹತ್ತಿರ ಒಂದು ಟಿಕೆಟ್ ಜಾಸ್ತಿ ಇತ್ತು. ಬಾ ಅಂದ, ಹೋದೆ. ಆಗ ಆ ಕ್ರೀಡಾಂಗಣಕ್ಕೆ ವೆರೈಝನ್ ಸೆಂಟರ್ ಅಂತ ಹೆಸರು. ಮೇಲಿನ ಸಾಲುಗಳಲ್ಲಿ ಕುರ್ಚಿಗಳೇ ಜಾಸ್ತಿ, ಜನ ಕಮ್ಮಿ. ಒಳಗೆ ಹೋದರೆ ಚಳಿ. ಹೊರಗೂ ಚಳಿ, ದುಡ್ಡು ಕೊಟ್ಟು ಒಳಗೂ ಚಳಿ, ಇದೆಂಥ ಮನರಂಜನೆ ಅನಿಸಿತು. ಮೊದಲ ಹದಿನೈದು ನಿಮಿಷ ನನಗೆ ಪಕ್ ಕಣ್ಣಿಗೇ ಬೀಳಲಿಲ್ಲ. ಪಕ್ ಅಂದರೆ ಚೆಂಡಿನ ಬದಲು ಇರುವ ಕಪ್ಪು ರಬ್ಬರ್ ಬಿಲ್ಲೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ, ಸುಮಾರು 170 ಗ್ರಾಂ. ಪುಟಿಯಬಾರದು ಅಂತ ಫ್ರೀಜರ್‌ನಲ್ಲಿ ಇಟ್ಟು ತರುತ್ತಾರೆ. ಜನ ಎದ್ದು ಕಿರುಚುತ್ತಿದ್ದರು, ನಾನು ಸುಮ್ನೆ ಅವರ ಜೊತೆ ಎದ್ದು ಕೂರುತ್ತಿದ್ದೆ.

ಗೆಳೆಯ ನೋಡಿ ನಕ್ಕ. "ಪಕ್ ಹುಡುಕಬೇಡ. 8ನೇ ನಂಬರ್ ನೋಡ್ತಾ ಇರು. ಪಕ್ ತಾನಾಗಿ ಅಲ್ಲಿಗೆ ಬರುತ್ತೆ" ಅಂದ.

ಐಸ್ ಹಾಕಿ ಬಗ್ಗೆ ನನಗೆ ಯಾರಾದರೂ ಕೊಟ್ಟ ಉಪಯೋಗದ ಸಲಹೆ ಇದೊಂದೇ. ನಿಮಗೂ ಅದನ್ನೇ ಕೊಡುತ್ತಿದ್ದೇನೆ.

8 ಯಾಕೆ ಅಂದರೆ, ಅದು ಅವನ ಅಮ್ಮನ ನಂಬರ್. ತತ್ಯಾನಾ ಒವೆಚ್ಕಿನಾ ಸೋವಿಯತ್ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದವರು. 1976ರ ಮಾಂಟ್ರಿಯಲ್, 1980ರ ಮಾಸ್ಕೋ, ಎರಡು ಒಲಿಂಪಿಕ್ಸ್‌ನಲ್ಲೂ ಚಿನ್ನ ಗೆದ್ದಿದ್ದಾರೆ. ಮನೆಯಲ್ಲಿ ದೊಡ್ಡ ಆಟಗಾರ ಮಗನಲ್ಲ, ಅಮ್ಮ. ಮಗ ಎಷ್ಟೇ ಗೋಲು ಹೊಡೆದರೂ ಅವನ ಹತ್ತಿರ ಒಲಿಂಪಿಕ್ ಚಿನ್ನ ಇಲ್ಲ, ಅಮ್ಮನ ಹತ್ತಿರ ಎರಡಿವೆ. ಅಪ್ಪ ಮಿಖಾಯಿಲ್ ಫುಟ್‌ಬಾಲ್ ಆಡುತ್ತಿದ್ದವರು, ಆಮೇಲೆ ಟ್ಯಾಕ್ಸಿ ಓಡಿಸಿದವರು. 2023ರ ಫೆಬ್ರವರಿಯಲ್ಲಿ ತೀರಿಕೊಂಡರು.

ಹುಡುಗನನ್ನು ಹಾಕಿಗೆ ಹಚ್ಚಿದ್ದು ಅಣ್ಣ ಸೆರ್ಗೆ. 1995ರಲ್ಲಿ ಕಾರು ಅಪಘಾತವಾಗಿ ಆ ಅಣ್ಣ ಹೋಗಿಬಿಟ್ಟ. ತಮ್ಮನಿಗೆ ಆಗ ಹತ್ತು ವರ್ಷವೂ ಸರಿಯಾಗಿ ಆಗಿತ್ತೋ ಇಲ್ಲವೋ. ಗೋಲು ಹೊಡೆದ ಮೇಲೆ ಅವನು ಗ್ಲೌಸಿಗೆ ಮುತ್ತಿಟ್ಟು ಮೇಲಕ್ಕೆ ತೋರಿಸುವುದು ಅಣ್ಣನಿಗೆ. 2018ರಲ್ಲಿ ಮೊದಲ ಮಗ ಹುಟ್ಟಿದಾಗ ಸೆರ್ಗೆ ಅಂತಲೇ ಹೆಸರಿಟ್ಟ. ಇದನ್ನು ಇನ್ನೂ ಎಳೆಯುವುದು ಬೇಡ, ಆಟಕ್ಕೆ ಬರೋಣ.

16 ವರ್ಷಕ್ಕೆ ಮಾಸ್ಕೋದ ಡೈನಮೊ ಕ್ಲಬ್‌ನ ದೊಡ್ಡವರ ತಂಡಕ್ಕೆ ಬಂದ. ಅಷ್ಟು ಹೊತ್ತಿಗೆ ಅಮೆರಿಕದ ಕಣ್ಣೂ ಅವನ ಮೇಲೆ ಬಿದ್ದಿತ್ತು. ಇಲ್ಲೊಂದು ತಮಾಷೆ ಇದೆ. ಎನ್‌ಎಚ್‌ಎಲ್ ಅನ್ನುವ ಇಲ್ಲಿನ ದೊಡ್ಡ ಲೀಗ್‌ನಲ್ಲಿ ಎಳೆಯ ಆಟಗಾರರನ್ನು ವರ್ಷಕ್ಕೊಮ್ಮೆ ಸರದಿಯಂತೆ ಆರಿಸಿಕೊಳ್ಳುತ್ತಾರೆ. ಸೆಪ್ಟೆಂಬರ್ 15ರ ಒಳಗೆ 18 ತುಂಬಿರಬೇಕು. ಇವನು ಹುಟ್ಟಿದ್ದು 1985ರ ಸೆಪ್ಟೆಂಬರ್ 17. ಎರಡೇ ದಿನ ತಡ! ಹಾಗಾಗಿ 2003ರಲ್ಲಿ ಆರಿಸುವ ಹಾಗಿರಲಿಲ್ಲ. ಆದರೆ ಫ್ಲೋರಿಡಾ ಪ್ಯಾಂಥರ್ಸ್ ತಂಡದವರು ಬಿಡಲಿಲ್ಲ. ಅವನು ಹುಟ್ಟಿದ ಮೇಲೆ ನಾಲ್ಕು ಅಧಿಕ ವರ್ಷ ಬಂದಿವೆ, ಆ ನಾಲ್ಕು ಫೆಬ್ರವರಿ 29 ಲೆಕ್ಕಕ್ಕೆ ಹಿಡಿದರೆ ವಯಸ್ಸು ಸಾಕಾಗುತ್ತದೆ ಎಂದು ವಾದ ಮಾಡಿದರು. ನಮ್ಮ ಪಂಚಾಂಗದವರೂ ಇಂಥ ಲೆಕ್ಕ ಹಾಕಿರಲಾರರು. ಲೀಗ್ ಒಪ್ಪಲಿಲ್ಲ.

ಮರುವರ್ಷ ಮೊದಲ ಆಯ್ಕೆ ವಾಷಿಂಗ್ಟನ್‌ಗೆ ಲಾಟರಿಯಲ್ಲಿ ಸಿಕ್ಕಿತು. ದುಬಾರಿ ಆಟಗಾರರನ್ನೆಲ್ಲ ಮಾರಿ, ಸೋತು ಸೊರಗಿ ಕೂತಿದ್ದ ತಂಡ ಅದು. ಒವೆಚ್ಕಿನ್‌ನನ್ನು ಮೊದಲು ಆರಿಸಿದರು. ಎರಡನೆಯದಾಗಿ ಪಿಟ್ಸ್‌ಬರ್ಗ್ ಆರಿಸಿದ್ದು ಇನ್ನೊಬ್ಬ ರಷ್ಯನ್ನನ್ನು, ಯೆವ್ಗೆನಿ ಮಾಲ್ಕಿನ್. ಪಿಟ್ಸ್‌ಬರ್ಗ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬಹಳ ಕಾಟ ಕೊಡುತ್ತದೆ.

ಆಟಗಾರರಿಗೂ ಮಾಲೀಕರಿಗೂ ಜಗಳ ಬಿದ್ದು 2004-05ರ ಇಡೀ ಸೀಸನ್ ರದ್ದಾಯಿತು. ಇವನು ಡೈನಮೊದಲ್ಲೇ ಉಳಿದು ರಷ್ಯಾದ ಲೀಗ್ ಗೆದ್ದು, ಆಮೇಲೆ ಇಲ್ಲಿಗೆ ಬಂದ.

2005ರ ಅಕ್ಟೋಬರ್ 5. ಎದುರಾಳಿ ಕೊಲಂಬಸ್. ಮೊದಲ ಆಟ, ಮೊದಲ ನಿಮಿಷಗಳು. ಎದುರಾಳಿಯ ಒಬ್ಬನಿಗೆ ಇವನು ಡಿಕ್ಕಿ ಹೊಡೆದ ರಭಸಕ್ಕೆ ರಿಂಕ್ ಸುತ್ತಲಿನ ಗಾಜಿನ ಗೋಡೆಯ ಆಧಾರವೇ ಕಿತ್ತು ಬಂತು. ಆಟ ನಿಲ್ಲಿಸಿ ಸರಿಮಾಡಬೇಕಾಯಿತು. ಆಮೇಲೆ ಎರಡು ಗೋಲು ಹೊಡೆದ. ತಂಡ 3-2ರಲ್ಲಿ ಗೆದ್ದಿತು.

ಇದು ಯಾಕೆ ವಿಶೇಷ ಅಂದರೆ, ರಷ್ಯನ್ ಆಟಗಾರ ಅಂದರೆ ಆಗ ಇಲ್ಲಿನವರ ತಲೆಯಲ್ಲಿ ಬೇರೆಯೇ ಚಿತ್ರ ಇತ್ತು. ಸೋವಿಯತ್ ಹಾಕಿ ಅಂದರೆ ಪಾಸ್, ಪಾಸ್, ಮತ್ತೆ ಪಾಸ್. ಕೋಚ್ ಅನತೋಲಿ ತರಾಸೊವ್ ಕಟ್ಟಿದ ಆ ಶಾಲೆಯಲ್ಲಿ ಐದು ಜನ ಒಂದೇ ಮೈಯ ಹಾಗೆ ಆಡಬೇಕು. ಆಮೇಲೆ ಬಂದ ವಿಕ್ಟರ್ ತಿಖೊನೊವ್ ಕಾಲದಲ್ಲಂತೂ ಸೇನಾ ತಂಡದ ಆಟಗಾರರು ವರ್ಷದ ಹೆಚ್ಚಿನ ದಿನ ಮನೆಯನ್ನೇ ನೋಡದೆ ಶಿಬಿರದಲ್ಲಿ ಇರಬೇಕಿತ್ತು. ಹೊರದೇಶದಲ್ಲಿ ಆಡುವ ಹಾಗಿಲ್ಲ. 1989ರಲ್ಲಿ ಬಾಗಿಲು ತೆರೆಯಿತು. ಮೊಗಿಲ್ನಿ ಅನ್ನುವ ಹುಡುಗ ಸ್ಟಾಕ್‌ಹೋಮ್‌ನಿಂದ ತಪ್ಪಿಸಿಕೊಂಡು ಬಂದ. ಫೆತಿಸೊವ್, ಲಾರಿಯೊನೊವ್, ಮಕಾರೊವ್ ಜಗಳವಾಡಿ ಅನುಮತಿ ಪಡೆದು ಬಂದರು. ಬಂದವರನ್ನು ಇಲ್ಲಿನವರು ಕೈಚಳಕದವರು ಅಂತ ಹೊಗಳುತ್ತಲೇ, ಮೈಗೆ ಮೈ ಬಿದ್ದರೆ ತಡೆಯಲಾರರು, ಮನಸ್ಸು ಕೊಟ್ಟು ಆಡಲಾರರು ಅಂತ ಗೊಣಗುತ್ತಿದ್ದರು.

ಅಂಥ ಹೊತ್ತಿನಲ್ಲಿ ಇವನು ಬಂದು ಗೋಡೆ ಕಿತ್ತ. ಆರಡಿ ಮೂರಿಂಚು ಎತ್ತರ, ನೂರು ಕಿಲೋ ದಾಟಿದ ಮೈ. ಹಳದಿ ಶೂಲೇಸು, ಮುಖಕ್ಕೆ ಕಪ್ಪು ಗಾಜು, ಮುಂದಿನ ಹಲ್ಲಿನ ಜಾಗದಲ್ಲಿ ಕಿಂಡಿ. ಗೋಲು ಹೊಡೆದರೆ ಗಾಜಿನ ಗೋಡೆಗೆ ಹಾರಿ ಬೀಳುತ್ತಿದ್ದ. ಗೋಲು ಗೆಳೆಯ ಹೊಡೆದರೂ ಅಷ್ಟೇ ಜೋರಾಗಿ ಹಾರುತ್ತಿದ್ದ. ಇದು ಬಹಳ ಮುಖ್ಯ ಅಂತ ನನಗನಿಸುತ್ತದೆ. ಒಮ್ಮೆ ಪಕ್ ಬಡಿದು ಪೆಟ್ಟಾದಾಗ ಕೇಳಿದವರಿಗೆ "ರಷ್ಯನ್ ಮೆಷಿನ್ ಯಾವತ್ತೂ ಕೆಡಲ್ಲ" ಅಂದ. ಹರಕು ಇಂಗ್ಲಿಷಿನಲ್ಲಿ ಆಡಿದ ಆ ಮಾತನ್ನು ಜನ ಟೀಶರ್ಟ್ ಮೇಲೆ ಹಾಕಿಕೊಂಡರು. ಹರಕು ಇಂಗ್ಲಿಷಿನಲ್ಲೇ ಈ ದೇಶಕ್ಕೆ ಬಂದಿಳಿದ ನಮ್ಮಂಥವರಿಗೆ ಅವನು ಇನ್ನಷ್ಟು ಹತ್ತಿರದವನಾದ.

ಮೊದಲ ಸೀಸನ್‌ನಲ್ಲೇ 52 ಗೋಲು. ಅದರಲ್ಲಿ ಒಂದಕ್ಕೆ ಹೆಸರೇ 'ದ ಗೋಲ್'. 2006ರ ಜನವರಿ 16, ಫೀನಿಕ್ಸ್ ತಂಡದ ಮೇಲೆ. ಎದುರಾಳಿ ತಳ್ಳಿದ್ದಕ್ಕೆ ಬಿದ್ದ. ಬೆನ್ನ ಮೇಲೆ ಜಾರುತ್ತಾ ಗೋಲಿನಿಂದ ಆಚೆಗೆ ಹೋಗುತ್ತಿದ್ದಾನೆ. ಮುಖ ಗೋಲಿನ ಕಡೆಗೂ ಇಲ್ಲ. ತಲೆಯ ಮೇಲಿಂದ ಸ್ಟಿಕ್ ಚಾಚಿ, ಪಕ್ಕನ್ನು ಕೊಕ್ಕೆ ಹಾಕಿ ಎಳೆದ ಹಾಗೆ ಎಳೆದ. ಒಳಗೆ ಹೋಯಿತು. ಎದುರಾಳಿಯ ಕೋಚ್ ನಿಂತಲ್ಲೇ ತಲೆಯೆತ್ತಿ ದೊಡ್ಡ ಪರದೆಯಲ್ಲಿ ಮತ್ತೆ ನೋಡಿದ. ಆ ಕೋಚ್ ಯಾರು ಗೊತ್ತಾ? ವೇಯ್ನ್ ಗ್ರೆಟ್ಸ್ಕಿ. ಎನ್‌ಎಚ್‌ಎಲ್‌ನಲ್ಲಿ 894 ಗೋಲು ಹೊಡೆದು 1999ರಲ್ಲಿ ಆಟ ಬಿಟ್ಟ ಕೆನಡಾದ ದೇವರು. ಕ್ರಿಕೆಟ್‌ನಲ್ಲಿ ಬ್ರಾಡ್‌ಮನ್‌ನ 99.94 ಇದ್ದ ಹಾಗೆ ಇವರಿಗೆ 894. ಯಾರೂ ಮುಟ್ಟಲಾರರು ಅಂತ ಎಲ್ಲರೂ ಬಿಟ್ಟುಬಿಟ್ಟಿದ್ದ ಅಂಕಿ.

ಆದರೆ ನನಗೆ ಕೇಳಿದರೆ ಆ ಬೆನ್ನ ಮೇಲಿನ ಗೋಲು ಅವನ ನಿಜವಾದ ಗೋಲಲ್ಲ. ಅದು ಒಂದು ಸಲದ್ದು. ಅವನ ನಿಜವಾದ ಗೋಲು ಸಾವಿರ ಸಲದ್ದು. ಈಗ ಅದಕ್ಕೆ ಬರುತ್ತೇನೆ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಐಸ್ ಹಾಕಿಯಲ್ಲಿ ಒಂದು ಕಡೆಗೆ ಗೋಲ್‌ಕೀಪರ್ ಬಿಟ್ಟು ಐದು ಜನ. ಯಾರಾದರೂ ತಪ್ಪು ಮಾಡಿದರೆ ಅವನನ್ನು ಎರಡು ನಿಮಿಷ ಹೊರಗೆ ಒಂದು ಪೆಟ್ಟಿಗೆಯಂಥ ಜಾಗದಲ್ಲಿ ಕೂರಿಸುತ್ತಾರೆ. ಸ್ಕೂಲಲ್ಲಿ ಮೇಷ್ಟ್ರು ಕ್ಲಾಸಿನಿಂದ ಆಚೆ ನಿಲ್ಲಿಸಿದ ಹಾಗೆ. ಆ ಎರಡು ನಿಮಿಷ ಐದು ಜನರ ಎದುರು ನಾಲ್ಕೇ ಜನ. ಇದಕ್ಕೆ ಪವರ್ ಪ್ಲೇ ಅಂತ ಹೆಸರು. ಕ್ರಿಕೆಟ್ಟಿನದಲ್ಲ, ಇದು ಬೇರೆ.

ಪವರ್ ಪ್ಲೇ ಬಂದರೆ ಒವೆಚ್ಕಿನ್ ಮೆಲ್ಲಗೆ ಜಾರಿಕೊಂಡು ಹೋಗಿ ಗೋಲಿನ ಎಡಗಡೆ ಬಿಡಿಸಿರುವ ಕೆಂಪು ವೃತ್ತದಲ್ಲಿ ನಿಲ್ಲುತ್ತಾನೆ. ಇಲ್ಲಿನ ಜನ ಆ ಜಾಗಕ್ಕೆ ಅವನ ಆಫೀಸು ಅನ್ನುತ್ತಾರೆ. ಗೋಲಿಗೂ ಅದಕ್ಕೂ ಸುಮಾರು ಹತ್ತು ಮೀಟರ್. ಬಲಗಡೆಯಿಂದ, ಇಲ್ಲವೇ ಹಿಂದಿನಿಂದ, ಜೊತೆಗಾರ ಪಾಸ್ ಕೊಡುತ್ತಾನೆ. ಬಹಳ ವರ್ಷ ಆ ಜೊತೆಗಾರ ಸ್ವೀಡನ್ನಿನ ನಿಕ್ಲಾಸ್ ಬ್ಯಾಕ್‌ಸ್ಟ್ರಾಮ್. ಒವೆಚ್ಕಿನ್‌ನ ಗೋಲುಗಳಿಗೆ ಅತಿ ಹೆಚ್ಚು ಪಾಸ್ ಕೊಟ್ಟವನು ಇವನೇ. ಸದ್ದಿಲ್ಲದ ಮನುಷ್ಯ. ಕಚೇರಿಯಲ್ಲಿ ಮೃದಂಗದವರ ಹೆಸರು ಎಷ್ಟು ಜನಕ್ಕೆ ನೆನಪಿರುತ್ತದೆ ಹೇಳಿ.

ಪಾಸ್ ಬಂದಾಗ ಪಕ್ಕನ್ನು ನಿಲ್ಲಿಸುವುದಿಲ್ಲ. ಬರುತ್ತಿರುವಾಗಲೇ ಬಾರಿಸುತ್ತಾನೆ. ಅವನು ಬಲಗೈ ಹೊಡೆತದವನು. ಎಡಗಡೆ ನಿಂತರೆ ಸ್ಟಿಕ್ಕಿನ ಮುಖ ನೇರ ಪಾಸ್ ಬರುವ ದಿಕ್ಕಿಗೆ ತೆರೆದಿರುತ್ತದೆ. ಒಂದು ಮಂಡಿ ಬಹುತೇಕ ಐಸ್ ಮುಟ್ಟುವಷ್ಟು ಬಗ್ಗುತ್ತದೆ. ಈಗ ಗಮನಿಸಿ. ಸ್ಟಿಕ್ ಮೊದಲು ಬಡಿಯುವುದು ಪಕ್ಕಿಗಲ್ಲ, ಪಕ್ಕಿಗಿಂತ ಕೊಂಚ ಹಿಂದೆ, ಐಸಿಗೆ. ಬಡಿದಾಗ ಸ್ಟಿಕ್ ಬಿಲ್ಲಿನ ಹಾಗೆ ಬಾಗುತ್ತದೆ. ಬಾಗಿದ್ದು ಬಿಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ಪಕ್ ಸಿಗಬೇಕು. ಕೈಬಲ ಅರ್ಧ, ಬಿಲ್ಲಿನ ಬಲ ಅರ್ಧ. 2018ರ ಆಲ್‌ಸ್ಟಾರ್ ಸ್ಪರ್ಧೆಯಲ್ಲಿ ಅವನ ಹೊಡೆತ ಗಂಟೆಗೆ 163 ಕಿಲೋಮೀಟರ್ ತೋರಿಸಿತ್ತು. ಆಟದ ಮಧ್ಯೆ ಅಷ್ಟಿರುವುದಿಲ್ಲ. 145 ಅಂದುಕೊಂಡರೂ ಹತ್ತು ಮೀಟರ್ ದಾಟಲು ಕಾಲು ಸೆಕೆಂಡ್ ಸಾಕು.

ಆ ಕಾಲು ಸೆಕೆಂಡಿನಲ್ಲಿ ಗೋಲ್‌ಕೀಪರ್ ಏನು ಮಾಡಬೇಕು? ಪಕ್ ಬಲಗಡೆ ಇದ್ದಾಗ ಅವನೂ ಆ ಕಂಬದ ಹತ್ತಿರವೇ ಇರಬೇಕು. ಇಲ್ಲದಿದ್ದರೆ ಅಲ್ಲಿಂದಲೇ ಹೊಡೆಯುತ್ತಾರೆ. ಪಾಸ್ ಹೊರಟ ತಕ್ಷಣ ಆರಡಿ ಅಗಲದ ಗೋಲಿನ ಆ ತುದಿಯಿಂದ ಈ ತುದಿಗೆ ಜಾರಬೇಕು, ಮಂಡಿಯ ಮೇಲೆ. ಜಾರುವಾಗ ಕಾಲುಗಳ ನಡುವೆ ಸಂದು ಬಿಡುತ್ತದೆ, ಕಂಕುಳ ಕೆಳಗೆ ಸಂದು ಬಿಡುತ್ತದೆ. ಪಕ್ ಎಲ್ಲಿಂದ ಬರುತ್ತದೆ ಅಂತ ಅವನಿಗೆ ಗೊತ್ತಿದೆ. ಗೊತ್ತಿರುವುದು ತಲೆಗೆ. ಮೈ ಇನ್ನೂ ದಾರಿಯಲ್ಲಿದೆ.

ಹಾಗಾದರೆ ಒಬ್ಬನನ್ನು ಇವನ ಪಕ್ಕದಲ್ಲೇ ಅಂಟಿಸಿ ನಿಲ್ಲಿಸಬಹುದಲ್ಲ? ನಿಲ್ಲಿಸಿದರು. ಎಷ್ಟೋ ತಂಡಗಳು ನಿಲ್ಲಿಸಿದವು. ಆಗ ಉಳಿದ ಕಡೆ ಇವರ ನಾಲ್ಕು ಜನರ ಎದುರು ಅವರದು ಮೂರೇ ಜನ. ನಮ್ಮ ತಂಡದವರೇ ಆದ ಓಶೀ ಮಧ್ಯದಲ್ಲಿ ಖಾಲಿ ಸಿಗುತ್ತಿದ್ದ, ಕಾರ್ಲ್‌ಸನ್ ಹಿಂದೆ ಖಾಲಿ ಸಿಗುತ್ತಿದ್ದ. ಒವೆಚ್ಕಿನ್ ಸುಮ್ನೆ ನಿಂತೇ ಕೆಲಸ ಮಾಡಿದ ಹಾಗಾಯಿತು. ಅವನನ್ನು ಬಿಟ್ಟರೂ ಕಷ್ಟ, ಹಿಡಿದರೂ ಕಷ್ಟ. 2021ರ ಡಿಸೆಂಬರ್‌ನಲ್ಲಿ ಪವರ್ ಪ್ಲೇ ಗೋಲುಗಳ ದಾಖಲೆ ಅವನದಾಯಿತು. ಅದಕ್ಕೆ ಮೊದಲು ಆಂಡ್ರಿಚಕ್ ಅನ್ನುವವನ ಹೆಸರಲ್ಲಿ 274 ಇತ್ತು.

ಒಂದೇ ಪಲ್ಲವಿಯನ್ನು ಹಾಡುವುದಕ್ಕೂ ಸಾಧನೆ ಬೇಕು. ಇಂಥದ್ದನ್ನು ಬೇಜಾರು ಅನ್ನುವವರಿದ್ದಾರೆ, ನನಗೆ ಅವರ ಮೇಲೆ ಕೋಪ ಇಲ್ಲ. ಆದರೆ ಅವರು ಪಕ್ ನೋಡುತ್ತಿರುತ್ತಾರೆ, 8ನೇ ನಂಬರ್ ನೋಡುವುದಿಲ್ಲ.

ಗೋಲಿನ ಲೆಕ್ಕ ಬೇಗ ಮುಗಿಸುತ್ತೇನೆ. 2007-08ರಲ್ಲಿ 65 ಗೋಲು. ಆ ವರ್ಷದ ದೊಡ್ಡ ನಾಲ್ಕು ಬಹುಮಾನ ಒಬ್ಬನೇ ಬಾಚಿಕೊಂಡ. ಆ ಜನವರಿಯಲ್ಲೇ 13 ವರ್ಷಕ್ಕೆ 12.4 ಕೋಟಿ ಡಾಲರ್ ಕರಾರು, ಅದೂ ಏಜೆಂಟ್ ಇಲ್ಲದೆ. ಲೀಗ್‌ನಲ್ಲಿ 10 ಕೋಟಿ ದಾಟಿದ ಮೊದಲ ಕರಾರು. ವರ್ಷದ ಅತಿ ಹೆಚ್ಚು ಗೋಲಿನ ಬಹುಮಾನ ಒಂಬತ್ತು ಸಲ. ಅತ್ಯುತ್ತಮ ಆಟಗಾರ ಮೂರು ಸಲ. 2010ರಿಂದ ನಾಯಕ.

ಕುರ್ಚಿಗಳು ತುಂಬತೊಡಗಿದವು. ಕ್ಯಾಪಿಟಲ್ಸ್‌ನವರು 2007ರಲ್ಲಿ ನೀಲಿ-ಕಪ್ಪು ಬಿಟ್ಟು ಕೆಂಪು ಅಂಗಿಗೆ ಬದಲಾಗಿದ್ದರು. ಆಟದ ದಿನ ಸಂಜೆ ಮೆಟ್ರೋ ರೆಡ್ ಲೈನ್ ನಿಜವಾಗಿಯೂ ಕೆಂಪಾಗುತ್ತಿತ್ತು. ಚೈನಾಟೌನ್ ಸ್ಟೇಷನ್ನಿನ ಎಸ್ಕಲೇಟರ್ ಮೇಲೆ ಹತ್ತು ಬೆನ್ನು ನೋಡಿದರೆ ಏಳರ ಮೇಲೆ 8 ಇರುತ್ತಿತ್ತು. ನನ್ನದೂ ಸೇರಿ.

ಆದರೆ ಕಪ್ ಮಾತ್ರ ಬರಲಿಲ್ಲ. ಲೀಗ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆಲ್ಲದಿದ್ದರೆ ಇಲ್ಲಿ ಎಷ್ಟು ಗೋಲು ಹೊಡೆದರೂ ಜನ "ಆದರೆ..." ಅನ್ನುತ್ತಾರೆ. ಕಪ್‌ಗಾಗಿ ಆಡುವ ಪ್ರತಿ ಸುತ್ತೂ ಏಳು ಆಟಗಳ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದೆ. 2009ರಲ್ಲಿ ಒಂದೇ ಪಂದ್ಯದಲ್ಲಿ ಇವನೂ ಪಿಟ್ಸ್‌ಬರ್ಗ್‌ನ ಸಿಡ್ನಿ ಕ್ರಾಸ್ಬಿಯೂ ತಲಾ ಮೂರು ಗೋಲು ಹೊಡೆದರು. ಆ ದಿನ ನಾವು ಗೆದ್ದೆವು, ಸರಣಿ ಸೋತೆವು. 2010ರಲ್ಲಿ ಇಡೀ ಲೀಗ್‌ಗೆ ಮೊದಲು ಬಂದು, ಮೊದಲ ಸುತ್ತಿನಲ್ಲೇ ಮಾಂಟ್ರಿಯಲ್ ಎದುರು 3-1 ಮುಂದಿದ್ದು ಸೋತೆವು. 2016, ಪಿಟ್ಸ್‌ಬರ್ಗ್. 2017, ಮತ್ತೆ ಪಿಟ್ಸ್‌ಬರ್ಗ್, ಅದೂ ನಮ್ಮ ಮನೆಯಂಗಳದಲ್ಲಿ ಏಳನೇ ಆಟ, 2-0. ಆ ರಾತ್ರಿ ಮೆಟ್ರೋದಲ್ಲಿ ಸಾವಿನ ಮನೆಯಿಂದ ಬಂದವರ ಹಾಗೆ ಕೂತಿದ್ದೆವು. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ಏನೂ ಮಾತಾಡದೆ ನನಗೊಂದು ಚೂಯಿಂಗ್ ಗಮ್ ಕೊಟ್ಟರು. ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ರಷ್ಯಾ ಪರ ಮೂರು ವಿಶ್ವ ಚಾಂಪಿಯನ್‌ಷಿಪ್ ಗೆದ್ದ, 2008, 2012, 2014. ಒಲಿಂಪಿಕ್ಸ್ ಮಾತ್ರ ಕೈಕೊಟ್ಟಿತು. 2014ರಲ್ಲಿ ಸ್ವಂತ ದೇಶದ ಸೋಚಿಯಲ್ಲಿ, ಮೊದಲ ಆಟ ಶುರುವಾಗಿ ಒಂದೂಕಾಲು ನಿಮಿಷದಲ್ಲೇ ಗೋಲು ಹೊಡೆದ. ದೇಶಕ್ಕೆ ದೇಶವೇ ಕುಣಿಯಿತು. ಆಮೇಲೆ ಇಡೀ ಒಲಿಂಪಿಕ್ಸ್‌ನಲ್ಲಿ ಇನ್ನೊಂದು ಗೋಲು ಬರಲಿಲ್ಲ. ಫಿನ್‌ಲೆಂಡ್ ಎದುರು ಸೋತು ಹೊರಬಿದ್ದರು. ಅಲ್ಲಿನ ಪತ್ರಿಕೆಗಳು ಹೊಗಳುವುದರಲ್ಲಿ ಎಷ್ಟು ಧಾರಾಳವೋ ಬೈಯುವುದರಲ್ಲೂ ಅಷ್ಟೇ.

ಕೊನೆಗೆ 2018. ಎರಡನೇ ಸುತ್ತಿನಲ್ಲಿ ಪಿಟ್ಸ್‌ಬರ್ಗ್ ದಾಟಿದ್ದೇ ನಮಗೆ ಅರ್ಧ ಕಪ್ ಬಂದ ಹಾಗಾಗಿತ್ತು. ಜೂನ್ 7ರಂದು ಲಾಸ್ ವೇಗಸ್‌ನಲ್ಲಿ 4-3. ತಂಡ ಶುರುವಾದ 44 ವರ್ಷಕ್ಕೆ ಮೊದಲ ಕಪ್. ಕಪ್‌ನ ಎಲ್ಲ ಸುತ್ತುಗಳೂ ಸೇರಿ ಅತ್ಯುತ್ತಮ ಆಟಗಾರ ಅವನೇ. ಕಪ್ ಗೆದ್ದ ತಂಡಕ್ಕೆ ರಷ್ಯನ್ ಒಬ್ಬ ನಾಯಕನಾಗಿದ್ದದ್ದು ಅದೇ ಮೊದಲು. ಆ ಬೆಳ್ಳಿ ಕಪ್ಪನ್ನು ತಲೆಯ ಮೇಲೆತ್ತಿ ಅವನು ಕಿರುಚಿದ ಮುಖ ನೋಡಿ. ಆಮೇಲೆ ವಾಷಿಂಗ್ಟನ್ನಿಗೆ ಬಂದು ಜಾರ್ಜ್‌ಟೌನಿನ ಕಾರಂಜಿಯಲ್ಲಿ ತಂಡದವರೆಲ್ಲ ಈಜಿದರು. ಎರಡಡಿಯೂ ಇಲ್ಲದ ನೀರು! ಅದರಲ್ಲಿ ಹೊರಳಾಡಿದರು. ಕಪ್ ಮಾಸ್ಕೋಗೂ ಹೋಯಿತು. 1997ರಲ್ಲಿ ಫೆತಿಸೊವ್ ಮತ್ತು ಗೆಳೆಯರು ಮೊದಲ ಸಲ ಅದನ್ನು ರಷ್ಯಾಕ್ಕೆ ಒಯ್ದಾಗ ಇವನಿಗೆ ಹನ್ನೊಂದು ವರ್ಷ.

ಇಷ್ಟಾದ ಮೇಲೆ ಬೇರೆಯವರಾದರೆ ನಿಧಾನಿಸುತ್ತಿದ್ದರು. ಇವನು ಗ್ರೆಟ್ಸ್ಕಿ ಬೆನ್ನು ಹತ್ತಿದ. 2022ರ ಡಿಸೆಂಬರ್‌ನಲ್ಲಿ 800. ಅದೇ ತಿಂಗಳು, ಗೋಲಿನ ಪಟ್ಟಿಯಲ್ಲಿ ಎರಡನೆಯವನಾಗಿದ್ದ ಗಾರ್ಡಿ ಹೋ ಹೆಸರಿನಲ್ಲಿದ್ದ 801 ದಾಟಿದ. 2024ರ ನವೆಂಬರ್‌ನಲ್ಲಿ ಕಾಲಿನ ಮೂಳೆ ಮುರಿಯಿತು. ರಷ್ಯನ್ ಮೆಷಿನ್ನೂ ಕೆಡುತ್ತದೆ ಅಂತ ಆಗ ಗೊತ್ತಾಯಿತು. 39 ವರ್ಷ ಆಗಿತ್ತಲ್ಲ. ಹದಿನಾರು ಆಟ ತಪ್ಪಿಸಿಕೊಂಡು ವಾಪಸ್ ಬಂದವನು ಆ ಸೀಸನ್ನಿನಲ್ಲಿ ಒಟ್ಟು 44 ಗೋಲು ಹೊಡೆದ.

2025ರ ಏಪ್ರಿಲ್ 4ಕ್ಕೆ 894, ಸರಿಸಮ. ಆರನೇ ತಾರೀಖು ಭಾನುವಾರ, ನ್ಯೂಯಾರ್ಕ್ ಐಲ್ಯಾಂಡರ್ಸ್ ಜೊತೆ ಆಟ. ನಿಮಗೆ ನೆನಪಿದೆಯೋ ಇಲ್ಲವೋ, ಅವತ್ತು ರಾಮನವಮಿ. ಮಧ್ಯಾಹ್ನ ಗೆಳೆಯರ ಮನೆಯಲ್ಲಿ ಪೂಜೆ ಮುಗಿದು, ಒಂದು ಕೈಯಲ್ಲಿ ಕೋಸಂಬರಿ, ಇನ್ನೊಂದು ಕೈಯಲ್ಲಿ ಪಾನಕ ಹಿಡಿದು ಟೀವಿ ಮುಂದೆ ನಿಂತಿದ್ದೆ. ಎರಡನೇ ಅವಧಿಯಲ್ಲಿ ನಮಗೆ ಪವರ್ ಪ್ಲೇ ಸಿಕ್ಕಿತು. ಅವನು ಜಾರಿಕೊಂಡು ಹೋಗಿ ಎಡಗಡೆ ವೃತ್ತದಲ್ಲಿ ನಿಂತ. "ಈಗ ಹೊಡೀತಾನೆ ನೋಡಿ" ಅಂದೆ. ಆ ಮನೆಯ ಅಜ್ಜಿಗೆ ಹಾಕಿಯ ತಲೆಬುಡ ಗೊತ್ತಿಲ್ಲ. "ಅವನು ಯಾಕೆ ಒಬ್ಬನೇ ಅಲ್ಲಿ ನಿಂತಿದ್ದಾನೆ?" ಅಂದರು. ಬಲಗಡೆಯಿಂದ ಟಾಮ್ ವಿಲ್ಸನ್ ಪಾಸ್ ಕೊಟ್ಟ. ಹೋಯಿತು. 895.

ಗೋಲಿನಲ್ಲಿ ಇದ್ದವನು ಇಲ್ಯಾ ಸೊರೊಕಿನ್, ಅವನೂ ರಷ್ಯನ್. ಒವೆಚ್ಕಿನ್ ಐಸ್ ಮೇಲೆ ಹೊಟ್ಟೆ ಕೊಟ್ಟು ಮಗುವಿನ ಹಾಗೆ ಜಾರಿದ. ಎದುರಾಳಿಯ ಊರಿನಲ್ಲಿ ಆಟ ನಿಲ್ಲಿಸಿ ಸಮಾರಂಭ ಮಾಡಿದರು. ಅಮ್ಮ, ಹೆಂಡತಿ, ಮಕ್ಕಳು ಬಂದರು. ಗ್ರೆಟ್ಸ್ಕಿಯೂ ಬಂದು ಕೈಕುಲುಕಿದ. ಗ್ರೆಟ್ಸ್ಕಿ ಒಟ್ಟು ಆಡಿದ್ದು 1,487 ಆಟ. ಒವೆಚ್ಕಿನ್‌ಗೆ ಅದು 1,487ನೇ ಆಟ. ಬರೆದರೆ ಯಾರೂ ನಂಬಲಾರರು. ಅಂದಹಾಗೆ ಆ ಆಟ ನಾವು 4-1ರಲ್ಲಿ ಸೋತೆವು. ಯಾರಿಗೂ ನೆನಪಿಲ್ಲ. ನನ್ನ ಪಾನಕ ಅವರ ಕಾರ್ಪೆಟ್ ಮೇಲೆ ಹೋದದ್ದು ಮಾತ್ರ ಆ ಮನೆಯವರಿಗೆ ಚೆನ್ನಾಗಿ ನೆನಪಿದೆ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

*

ಮೊದಲ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. "ಇಷ್ಟೆಲ್ಲ ಹೊಗಳಿದ್ರಿ. ಅವನು ಪುಟಿನ್ ಕಡೆಯವನಲ್ವಾ?"

ಹೌದು. ಇದನ್ನು ಯಾರಾದರೂ ಕೇಳಲಿ ಅಂತಲೇ ಇದ್ದೆ. ನಾನಾಗಿ ಹೇಳದೆ ಇದ್ದದ್ದು ನನ್ನ ಅಂಜಿಕೆ. 2017ರಲ್ಲಿ 'ಪುಟಿನ್ ಟೀಮ್' ಅಂತ ಬೆಂಬಲಿಗರ ಬಳಗವನ್ನೇ ಶುರು ಮಾಡಿದವನು ಅವನು. ಇನ್‌ಸ್ಟಾಗ್ರಾಂನಲ್ಲಿ ಪುಟಿನ್ ಜೊತೆಗಿನ ಫೋಟೋ ಇಟ್ಟುಕೊಂಡಿದ್ದ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ದಾಳಿಯಾದಾಗ, ಯುದ್ಧ ಬೇಡ ಅಂದ. ಪುಟಿನ್ ನನ್ನ ಅಧ್ಯಕ್ಷ ಅಂತಲೂ ಅಂದ. ಫೋಟೋ ತೆಗೆಯಲಿಲ್ಲ. ಝೆಕ್ ದೇಶದ ಹೆಸರಾಂತ ಗೋಲ್‌ಕೀಪರ್ ಡೊಮಿನಿಕ್ ಹಾಷೆಕ್ ಬಹಿರಂಗವಾಗಿ ಬೈದರು. ಸ್ಟಿಕ್ ಕಂಪನಿ ಸಿಸಿಎಂ ರಷ್ಯನ್ ಆಟಗಾರರನ್ನು ಜಾಹೀರಾತಿನಲ್ಲಿ ಬಳಸುವುದನ್ನು ನಿಲ್ಲಿಸಿತು. ಕೆಲವು ಊರುಗಳಲ್ಲಿ ಪಕ್ ಮುಟ್ಟಿದರೆ ಸಾಕು, ಜನ ಕೂಗಿ ಅಣಕಿಸಿದರು.

ಮನೆಯವರು ಇನ್ನೂ ಅಲ್ಲೇ ಇದ್ದಾರೆ, ಏನಂತ ಮಾತಾಡುತ್ತಾನೆ ಅನ್ನುವವರಿದ್ದಾರೆ. 2017ರಲ್ಲಿ ಯಾರೂ ಕುತ್ತಿಗೆ ಹಿಡಿದಿರಲಿಲ್ಲವಲ್ಲ ಅನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆ. ಆ ವರ್ಷ 8ನೇ ನಂಬರಿನ ಅಂಗಿ ಬೀರುವಿನಲ್ಲೇ ಇತ್ತು. ಆಮೇಲೆ ಹಾಕಿಕೊಂಡೆ. ಯಾಕೆ ಹಾಕಿಕೊಂಡೆ ಅಂತ ಕೇಳಿದರೆ ನಿಮಗೆ ಒಪ್ಪುವಂಥ ಉತ್ತರ ನನ್ನ ಹತ್ತಿರ ಇಲ್ಲ.

ಎರಡನೆಯದು ಆರನೇ ಕ್ಲಾಸಿನ ಹುಡುಗಿಯೊಬ್ಬಳದು. "ಗೋಲ್‌ಕೀಪರ್‌ಗಳಿಗೆ ಅವನನ್ನು ಕಂಡ್ರೆ ಸಿಟ್ಟು ಬರಲ್ವಾ?"

ಒಂದು ಘಟನೆ ಹೇಳುತ್ತೇನೆ ಪುಟ್ಟಿ. 2025ರ ನವೆಂಬರ್ 5, ನಮ್ಮೂರಲ್ಲೇ, ಸೇಂಟ್ ಲೂಯಿಸ್ ತಂಡದ ಮೇಲೆ ಅವನ 900ನೇ ಗೋಲು. ನಾನು ಇಷ್ಟು ಹೊತ್ತು ಎಡಗಡೆ ವೃತ್ತ, ಎಡಗಡೆ ವೃತ್ತ ಅಂತ ಕೊರೆದೆನಲ್ಲ, ಈ ಗೋಲು ಅಲ್ಲಿಂದ ಬರಲೇ ಇಲ್ಲ. ಗೋಲಿನ ಹತ್ತಿರವೇ ಪಕ್ ಸಿಕ್ಕಿತು, ಗಿರಕ್ಕನೆ ತಿರುಗಿ ಹಿಂಗೈಯಲ್ಲಿ ತಳ್ಳಿದ. ಎಲ್ಲರೂ ಐಸ್ ಮೇಲೆ ನುಗ್ಗಿ ಅವನನ್ನು ಅಪ್ಪಿಕೊಳ್ಳುತ್ತಿದ್ದಾರೆ. ಗೋಲ್‌ಕೀಪರ್ ಜೋರ್ಡನ್ ಬಿನ್ನಿಂಗ್ಟನ್ ಸುಮ್ನೆ ನಿಂತಿದ್ದಾನೆ. ಗೋಲು ಬಿಟ್ಟುಕೊಟ್ಟವನು, ಪಾಪ. ಮೆಲ್ಲಗೆ ಆ ಪಕ್ಕನ್ನು ಎತ್ತಿದ. ಯಾರೂ ನೋಡಲಿಲ್ಲ ಅಂದುಕೊಂಡು ತನ್ನ ಚಡ್ಡಿಯೊಳಗೆ ಸೇರಿಸಿದ. ಅಂಪೈರ್ ಬಂದು ಈಸಿಕೊಳ್ಳಬೇಕಾಯಿತು.